ಔಟ್‌ಲೆಟ್‌ನಲ್ಲಿ ಜೇಡರ ಬಲೆ: ಒಂದು ಸಣ್ಣ ಊರಿನ ಒಳಚರಂಡಿ ಪ್ರಕರಣ

ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿ ನನ್ನ ಜೊತೆ ಕೆಲಸ ಮಾಡಿದವರು, ನನ್ನನ್ನು ಬೈದವರು, ಆಮೇಲೆ ಕೈಜೋಡಿಸಿದವರು ಎಲ್ಲರೂ ಈಗಲೂ ಅಲ್ಲೇ ಇದ್ದಾರೆ. ಗುರುತು ಸಿಗುವಂಥ ಕೆಲವು ವಿವರ ಬದಲಿಸಿದ್ದೇನೆ. ತುಂಗಭದ್ರೆಗೆ ಸೇರುವ ಒಂದು ಉಪನದಿಯ ದಂಡೆ, ಒಂದು ಪುರಸಭೆ, ಸುಮಾರು 30,000 ಜನ. ಇಷ್ಟು ಗೊತ್ತಿದ್ದರೆ ಸಾಕು. ನಾನು ಅಲ್ಲಿ ಪರಿಸರ ಎಂಜಿನಿಯರ್ ಆಗಿದ್ದೆ.

ಮೊದಲು ನದಿಯ ಬಗ್ಗೆ ಹೇಳಬೇಕು. ಮಳೆಗಾಲದಲ್ಲಿ ಅದು ಕೆಂಪಗೆ ತುಂಬಿ ಹರಿಯುತ್ತದೆ. ಸಂಕ್ರಾಂತಿ ಕಳೆದ ಮೇಲೆ ಹರಿವು ಇಳಿಯುತ್ತಾ ಬರುತ್ತದೆ. ಮೇಲಿನ ಊರುಗಳಲ್ಲಿ ಗೋವಿನಜೋಳಕ್ಕೆ, ಭತ್ತಕ್ಕೆ ಪಂಪ್‌ಸೆಟ್ಟುಗಳು ನೀರೆತ್ತುತ್ತವೆ. ಏಪ್ರಿಲ್ ಹೊತ್ತಿಗೆ ಉಳಿಯುವುದು ಅಲ್ಲೊಂದು ಇಲ್ಲೊಂದು ಮಡು ಮಾತ್ರ. ಊರಿನ ನಡುವೆ ಒಂದು ಹಳ್ಳ ಹಾದು ಬಂದು ನದಿಗೆ ಸೇರುತ್ತದೆ. ಬೇಸಿಗೆಯಲ್ಲಿ ನದಿ ನಿಂತರೂ ಈ ಹಳ್ಳ ನಿಲ್ಲುವುದಿಲ್ಲ. ಅದರಲ್ಲಿ ಹರಿಯುವುದು ಊರಿನ ಬಚ್ಚಲ ನೀರು. ಹಳ್ಳ ಸೇರುವ ಜಾಗದಿಂದ ಕೆಳಗೆ ಒಂದು ಹಳ್ಳಿಯ ಜಾಕ್‌ವೆಲ್ ಇದೆ, ನದಿಯಿಂದ ಕುಡಿಯುವ ನೀರೆತ್ತುವ ಬಾವಿ.

ಊರಿಗೆ ಯುಜಿಡಿ, ಅಂದರೆ ನೆಲದಡಿಯ ಒಳಚರಂಡಿ, ಆಗಿತ್ತು. ಮುಖ್ಯ ಬೀದಿಗಳಲ್ಲಿ ಪೈಪು ಹಾಕಿ, ಚೇಂಬರ್ ಕಟ್ಟಿ, ಊರಾಚೆ ಕೊಳಚೆ ಶುದ್ಧ ಮಾಡುವ ಘಟಕ, ಎಸ್‌ಟಿಪಿಯನ್ನೂ ಮಾಡಿದ್ದರು. ನಮ್ಮದು ಹೊಂಡಗಳ ಘಟಕ. ಮೋಟಾರು, ನೀರಿಗೆ ಗಾಳಿ ಸೇರಿಸುವ ಏರೇಟರ್ ಏನೂ ಇಲ್ಲ. ಮೊದಲು ಜಾಲರಿ, ಮರಳು ಕೂರುವ ತೊಟ್ಟಿ. ಆಮೇಲೆ ಆಳವಾದ ಒಂದು ಹೊಂಡ. ಅಲ್ಲಿ ಗಾಳಿ ಇಲ್ಲದೆ ಕೊಳೆ ಕೊಳೆಯುತ್ತದೆ, ಕೆಸರು ತಳಕ್ಕೆ ಕೂರುತ್ತದೆ. ಅದರ ನಂತರ ಆಳೆತ್ತರವೂ ಇಲ್ಲದ ಅಗಲವಾದ ಹೊಂಡ. ಬಿಸಿಲಿಗೆ ಅಲ್ಲಿ ಪಾಚಿ ಬೆಳೆದು ಆಮ್ಲಜನಕ ಕೊಡುತ್ತದೆ, ಬ್ಯಾಕ್ಟೀರಿಯಾಗಳು ಉಳಿದ ಕೊಳೆಯನ್ನು ತಿನ್ನುತ್ತವೆ. ಕೊನೆಗೆ ಇನ್ನೊಂದು ಹೊಂಡದಲ್ಲಿ ನೀರು ನಿಂತು, ಬಿಸಿಲಿಗೆ ರೋಗಾಣು ಸತ್ತು ಹೊರಗೆ ಹರಿಯಬೇಕು. ಸಣ್ಣ ಊರಿಗೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಇಲ್ಲ ಅಂತ ನಾನು ಈಗಲೂ ನಂಬಿದ್ದೇನೆ. ಜಾಗ ಜಾಸ್ತಿ ಬೇಕು, ನಿಜ. ಆದರೆ ಕರೆಂಟು ಬಿಲ್ಲು ಕಟ್ಟಲಾಗದೆ ಘಟಕಕ್ಕೆ ಬೀಗ ಬೀಳುವ ಭಯ ಇಲ್ಲ.

ಮೀನು ಸತ್ತ ದಿನ

ಮುಂಗಾರಿಗೆ ಮುಂಚಿನ ಮೊದಲ ಜೋರು ಮಳೆ. ಮಾರನೇ ದಿನ ಬೆಳಿಗ್ಗೆ ಕೆಳಗಿನ ಹಳ್ಳಿಯ ಮಡುವಿನಲ್ಲಿ ಮೀನುಗಳು ಹೊಟ್ಟೆ ಮೇಲಾಗಿ ತೇಲಿದವು. ಯಾರೋ ವಿಷ ಹಾಕಿದ್ದಾರೆ ಅಂತ ಸುದ್ದಿ ಹಬ್ಬಿತು. ಹೊಲಕ್ಕೆ ಹೊಡೆದ ಔಷಧಿ ಮಳೆಗೆ ತೊಳೆದು ಬಂದಿರಬೇಕು ಅಂತ ನನಗೂ ಅನ್ನಿಸಿತು.

ಬಲೆ ಬೀಸುವ ಒಬ್ಬರು ಹೇಳಿದ ಮಾತು ನನ್ನ ಅನುಮಾನವನ್ನು ಬೇರೆ ಕಡೆ ತಿರುಗಿಸಿತು. "ನಸುಕಿನ್ಯಾಗ ಎಲ್ಲಾ ಮ್ಯಾಲೆ ಬಂದು ಬಾಯಿ ಬಿಡಾಕತ್ತಿದ್ವು ರೀ. ದೊಡ್ಡವು ಮೊದಲು ಸತ್ತವು." ವಿಷ ಆಗಿದ್ದರೆ ಮರಿಗಳೂ ಜೊತೆಗೇ ಸಾಯಬೇಕಿತ್ತು. ನಸುಕಿನಲ್ಲಿ ಮೇಲೆ ಬಂದು ಬಾಯಿ ಬಿಡುವುದು, ದೊಡ್ಡ ಮೀನು ಮೊದಲು ಸಾಯುವುದು, ಎರಡೂ ಉಸಿರುಗಟ್ಟಿದ ಲಕ್ಷಣ. 30 ಡಿಗ್ರಿ ಬಿಸಿಯ ನೀರು ಲೀಟರಿಗೆ ಸುಮಾರು ಏಳೂವರೆ ಮಿಲಿಗ್ರಾಂ ಆಮ್ಲಜನಕ ಮಾತ್ರ ಹಿಡಿದಿಟ್ಟುಕೊಳ್ಳುತ್ತದೆ. ಅಷ್ಟೂ ಇರುವುದಿಲ್ಲ, ರಾತ್ರಿ ಇನ್ನೂ ಇಳಿಯುತ್ತದೆ. ಅಂಥ ಮಡುವಿಗೆ ಹಳ್ಳದ ತಳದಲ್ಲಿ ತಿಂಗಳುಗಟ್ಟಲೆ ಕೂತ ಕರಿ ಕೆಸರು ಒಂದೇ ಮಳೆಗೆ ಕದಡಿ ಬಂದು ಬಿದ್ದರೆ, ಉಳಿದ ಆಮ್ಲಜನಕ ಕೆಲವೇ ಗಂಟೆಗಳಲ್ಲಿ ಖಾಲಿ.

ಪುರಸಭೆಯಲ್ಲಿ ಸಭೆ ಕರೆದರು. ನಾನು ಫೈಲು ತೆಗೆದುಕೊಂಡು ಹೋದೆ. ಎಸ್‌ಟಿಪಿಯಿಂದ ಹೊರಬಿಡುವ ನೀರಿನಲ್ಲಿ ಬಿಒಡಿ, ಅಂದರೆ ನೀರಿನ ಕೊಳೆಯನ್ನು ತಿನ್ನಲು ಬ್ಯಾಕ್ಟೀರಿಯಾಗಳಿಗೆ ಬೇಕಾಗುವ ಆಮ್ಲಜನಕ, ಲೀಟರಿಗೆ 30 ಮಿಲಿಗ್ರಾಂ ಮೀರಬಾರದು ಅಂತ ನಮಗೆ ಗಡಿ ಇತ್ತು. ನಮ್ಮ ವರದಿಗಳೆಲ್ಲ ಅದಕ್ಕಿಂತ ಎಷ್ಟೋ ಕೆಳಗಿದ್ದವು. "ನಮ್ಮ ಘಟಕ ಸರಿಯಾಗಿದೆ" ಎಂದೆ. ಕೆಳಗಿನ ಹಳ್ಳಿಯಿಂದ ಬಂದಿದ್ದ ಹಿರಿಯರೊಬ್ಬರು ಸಿಟ್ಟಾಗದೆ ಕೇಳಿದರು: "ಸರಿ ಐತಿ ಅಂದ್ರ ಬ್ಯಾಡ ಅನ್ನಂಗಿಲ್ಲ ಬಿಡ್ರಿ ಮೇಡಂ. ಆ ನೀರು ಎಲ್ಲಿ ಹೊರಗ ಬೀಳ್ತೈತಿ, ಅದನ್ನ ತೋರಿಸ್ರಿ."

ಹೋದೆವು. ಕೊನೆಯ ಹೊಂಡದ ಏರಿ ಇಳಿದು ಔಟ್‌ಲೆಟ್ ಪೈಪಿನ ಹತ್ತಿರ ನಿಂತೆವು. ಪೈಪಿನ ಬಾಯಿಗೆ ಜೇಡ ಬಲೆ ಕಟ್ಟಿತ್ತು. ಬಲೆಯಲ್ಲಿ ಒಣಗಿದ ಎಲೆ ಸಿಕ್ಕಿಕೊಂಡು ಗಾಳಿಗೆ ತಿರುಗುತ್ತಿತ್ತು. ಪೈಪಿನ ಕೆಳಗಿನ ಕಾಂಕ್ರೀಟು ಬೆಳ್ಳಗೆ ಒಣಗಿತ್ತು. ಹೊಂಡದೊಳಗೆ ಅರ್ಧದಷ್ಟು ನೀರು. ಒಂದು ಮೂಲೆಯಲ್ಲಿ ಹುಲ್ಲು ಬೆಳೆದು ಎಮ್ಮೆ ಮೇಯುತ್ತಿತ್ತು.

ಅಲ್ಲಿಂದ ನೀರು ಹೊರಗೆ ಬಂದು ಎಷ್ಟು ಕಾಲವಾಗಿತ್ತೋ. ಬರುತ್ತಿದ್ದ ಸ್ವಲ್ಪ ಕೊಳಚೆ ಹೊಂಡಗಳಲ್ಲೇ ಇಂಗಿ, ಆವಿಯಾಗಿ ಹೋಗುತ್ತಿತ್ತು. ಸ್ಯಾಂಪಲ್ ತೆಗೆಯುವವರು ಕೊನೆಯ ಹೊಂಡದ ತಿಳಿ ನೀರನ್ನೇ ಬಾಟಲಿಗೆ ತುಂಬುತ್ತಿದ್ದರು. ಆ ವರದಿಗಳಿಗೆ ಎರಡು ವರ್ಷ ಸಹಿ ಹಾಕಿದವಳು ನಾನು. ಬಿಒಡಿ ನೋಡಿದೆ. ಎಷ್ಟು ನೀರು ಒಳಗೆ ಬಂತು, ಎಷ್ಟು ಹೊರಗೆ ಹೋಯಿತು ಅಂತ ಒಮ್ಮೆಯೂ ನೋಡಲಿಲ್ಲ. ಈ ಪ್ರಕರಣವನ್ನು ಬರೆಯಲು ಕೂತದ್ದೇ ಇದೊಂದು ಕಾರಣಕ್ಕೆ.

ಬಕೆಟ್ ಹಿಡಿದು ಹಳ್ಳದಲ್ಲಿ

ಊರಿನ ಕೊಳಚೆ ಎಷ್ಟಿರಬೇಕು? ಒಳಚರಂಡಿ ಇರುವ ಊರಿಗೆ ತಲೆಗೆ ದಿನಕ್ಕೆ 135 ಲೀಟರ್ ನೀರು, ಅದರಲ್ಲಿ ಶೇ 80 ಕೊಳಚೆಯಾಗಿ ವಾಪಸ್ಸು ಅಂತ ಕೇಂದ್ರದ ಕೈಪಿಡಿಯ ಲೆಕ್ಕ. 30,000 ಜನಕ್ಕೆ ಸುಮಾರು 32 ಲಕ್ಷ ಲೀಟರ್ ಆಗುತ್ತದೆ. ನಮ್ಮಲ್ಲಿ ನಲ್ಲಿ ನೀರು ಬರುವುದು ಮೂರು ದಿನಕ್ಕೊಮ್ಮೆ, ಹಾಗಾಗಿ ಅಷ್ಟು ಇರಲಾರದು. ಅರ್ಧ ಅಂದುಕೊಂಡರೂ 16 ಲಕ್ಷ. ಅದೆಲ್ಲ ಎಲ್ಲಿಗೆ ಹೋಯಿತು?

ಒಂದು ದಿನ ಬೆಳಿಗ್ಗೆ ಆರೂವರೆಗೆ ಹೊರಟೆವು. ಜನ ಸ್ನಾನ ಮಾಡುವ, ಪಾತ್ರೆ ತೊಳೆಯುವ ಹೊತ್ತು ಅದು. ಗಟಾರ ತುಂಬಿ ಹರಿಯುವುದು ಆಗಲೇ. ನಾನು, ಒಬ್ಬ ವಾಲ್ವ್‌ಮನ್, ಪೌರಕಾರ್ಮಿಕರ ಮೇಸ್ತ್ರಿ, ಕೆಳಗಿನ ಹಳ್ಳಿಯ ಒಬ್ಬ ಹುಡುಗ. ಹಳ್ಳ ನದಿಗೆ ಸೇರುವಲ್ಲಿಂದ ಶುರು ಮಾಡಿ ಮೇಲಕ್ಕೆ ನಡೆದೆವು. ಗಟಾರ ಹಳ್ಳಕ್ಕೆ ಬೀಳುವ ಕಡೆಯಲ್ಲೆಲ್ಲ 15 ಲೀಟರಿನ ಬಕೆಟ್ ಹಿಡಿದು, ತುಂಬಲು ಎಷ್ಟು ಸೆಕೆಂಡ್ ಬೇಕು ಅಂತ ಮೊಬೈಲಿನಲ್ಲಿ ನೋಡಿದೆವು. ಒಂದು ದೊಡ್ಡ ಗಟಾರದಲ್ಲಿ 5 ಸೆಕೆಂಡಿಗೆ ಬಕೆಟ್ ತುಂಬಿತು. ಸೆಕೆಂಡಿಗೆ 3 ಲೀಟರ್. ಇಡೀ ದಿನ ಹಾಗೇ ಬಂದರೆ 2.6 ಲಕ್ಷ ಲೀಟರ್. ಮಧ್ಯಾಹ್ನ, ರಾತ್ರಿ ಕಡಿಮೆ ಅಂತ ಅರ್ಧ ಹಿಡಿದರೂ 1.3 ಲಕ್ಷ. ಅಂಥ ಗಟಾರ ಅದೊಂದೇ ಅಲ್ಲ.

ಬೀದಿಯಲ್ಲಿ ಚೇಂಬರ್ ಇತ್ತು. ಹೆಚ್ಚಿನ ಮನೆಗಳಿಂದ ಚೇಂಬರಿಗೆ ಪೈಪೇ ಇರಲಿಲ್ಲ. ಬಚ್ಚಲು, ಅಡಿಗೆ ಮನೆ ನೀರು ಗಟಾರಕ್ಕೆ. ಪಾಯಖಾನೆ ನೀರು ಹಿತ್ತಲಿನ ಗುಂಡಿಗೆ. ಕೆಲವು ಕಡೆ ಅದೂ ಗಟಾರಕ್ಕೇ. ಒಳಗೆ ಹರಿಯುವ ನೀರು ಕಡಿಮೆಯಾದಾಗ ಯುಜಿಡಿ ಪೈಪು ತನ್ನನ್ನು ತಾನು ತೊಳೆದುಕೊಳ್ಳುವುದಿಲ್ಲ. ನೀರು ಸೆಕೆಂಡಿಗೆ ಅರ್ಧ ಮೀಟರಿಗಿಂತ ಜಾಸ್ತಿ ಓಡಬೇಕು, ಇಲ್ಲದಿದ್ದರೆ ಮರಳು, ಬಟ್ಟೆ ಎಲ್ಲ ಕೂರುತ್ತದೆ. ಹಾಗೆ ಕಟ್ಟಿಕೊಂಡ ಚೇಂಬರ್ ನೋಡಿ, "ಯುಜಿಡಿ ಉಪಯೋಗ ಇಲ್ಲ" ಅಂತ ಸಂಪರ್ಕ ತೆಗೆದುಕೊಂಡವರೂ ಗಟಾರಕ್ಕೆ ಮರಳಿದ್ದರು.

ಇನ್ನೆರಡು ಸಂಗತಿ ಸಿಕ್ಕವು. ಸ್ಮಶಾನದ ಹಿಂದೆ ಹಳ್ಳದ ದಂಡೆಯಲ್ಲಿ ಟ್ಯಾಂಕರಿನ ಚಕ್ರದ ಗುರುತು. ಗುಂಡಿ ಖಾಲಿ ಮಾಡುವ ಸಕ್ಕಿಂಗ್ ಗಾಡಿ ರಾತ್ರಿ ಅಲ್ಲಿ ಬಿಟ್ಟು ಹೋಗುತ್ತಿತ್ತು. ಊರ ಹೊರಗೆ ಎಸ್‌ಟಿಪಿಗೆ ಹೋಗುವ ಮುಖ್ಯ ಪೈಪಿನ ಒಂದು ಚೇಂಬರಿನೊಳಗೆ ಮರಳು ಚೀಲ ಇಳಿಬಿಟ್ಟು ನೀರು ನಿಲ್ಲಿಸಿದ್ದರು. ಪಕ್ಕದಲ್ಲೇ ಪಂಪು. ಪಂಪಿನಾಚೆ ಹಸಿರು ಜೋಳದ ಹೊಲ.

ನೋಟಿಸು, ದೇವರ ಮನೆ, ಹಿತ್ತಲು

ಮೊದಲು ಮಾಡಿದ್ದು ಎಲ್ಲರೂ ಮಾಡುವಂಥದ್ದೇ. ಮನೆಮನೆಗೆ ನೋಟಿಸು. ಆಟೋಗೆ ಮೈಕು ಕಟ್ಟಿ ಪ್ರಚಾರ. ಸಂಪರ್ಕ ತೆಗೆದುಕೊಳ್ಳದಿದ್ದರೆ ನಲ್ಲಿ ಕತ್ತರಿಸುವುದು ಅಂತಲೂ ಒಂದು ಪ್ರಸ್ತಾಪ ಬಂತು. ಸದಸ್ಯರು ಒಪ್ಪಲಿಲ್ಲ. ಆಗ ನನಗೆ ಬೇಸರವಾಗಿತ್ತು. ಈಗ ಅನ್ನಿಸುತ್ತದೆ, ಅವರು ಒಪ್ಪದಿದ್ದದ್ದೇ ಒಳ್ಳೆಯದಾಯಿತು. ಕುಡಿಯುವ ನೀರು ಕಿತ್ತುಕೊಂಡು ನದಿ ಕಾಯುತ್ತೇವೆ ಅಂದರೆ ಯಾರು ನಂಬುತ್ತಾರೆ?

ನೋಟಿಸಿಗೆ ಮನೆಗಳು ಜಗ್ಗಲಿಲ್ಲ. ಯಾಕೆ ಅಂತ ಕೇಳಲು ಒಂದು ಹಳೆಯ ಓಣಿಗೆ ಹೋದೆ. ಕಟ್ಟೆಯ ಮೇಲೆ ಕೂತಿದ್ದ ಅಜ್ಜಿ ನೋಟಿಸನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ನನ್ನನ್ನು ಒಳಗೆ ಕರೆದುಕೊಂಡು ಹೋದರು. ಬೀದಿ ಬಾಗಿಲು, ಪಡಸಾಲೆ, ದೇವರ ಮನೆ, ಅಡಿಗೆ ಮನೆ, ಕೊನೆಗೆ ಹಿತ್ತಲು. ಹಿತ್ತಲ ಮೂಲೆಯಲ್ಲಿ ಪಾಯಖಾನೆ. "ಪಾಯಖಾನಿ ಇಲ್ಲೈತಿ. ನಿನ್ನ ಚೇಂಬರ್ ಬೀದ್ಯಾಗ ಐತಿ. ನಡುವ ಏನೈತಿ ನೋಡಿದೆಲ್ಲ? ದೇವರ ಮನಿ ಕೆಳಗ ಪಾಯಖಾನಿ ಪೈಪು ಹಾಯಿಸ್ತೀಯೇನವ್ವಾ?"

ನಾನು ಸುಮ್ನೆ ನಿಂತೆ. ನಕ್ಷೆ ಬರೆದವರು ಬೀದಿ ನೋಡಿದ್ದರು, ಮನೆ ನೋಡಿರಲಿಲ್ಲ. ಆ ಓಣಿಯ ಮನೆಗಳೆಲ್ಲ ಹೀಗೇ, ಉದ್ದಕ್ಕೆ. ಸಂಪರ್ಕ ಅಂದರೆ ನೆಲ ಅಗೆಯಬೇಕು, ದೇವರ ಮನೆಯನ್ನೂ ದಾಟಬೇಕು. ಶುಲ್ಕದ ಜೊತೆಗೆ ಪೈಪು, ಪ್ಲಂಬರ್, ಮತ್ತೆ ನೆಲ ಹಾಕಿಸುವ ಖರ್ಚು. ಜನ ಹಟ ಮಾಡುತ್ತಿದ್ದಾರೆ ಅಂತ ನಾವು ಸಭೆಯಲ್ಲಿ ಮಾತಾಡಿಕೊಂಡಿದ್ದೆವು. ಹಟವೇ ಅಲ್ಲ ಅದು.

ಆಮೇಲಿನ ನಿರ್ಧಾರ ಆ ಹಿತ್ತಲಲ್ಲೇ ಹುಟ್ಟಿತು. ಬೀದಿಯ ಕಡೆಗೆ ಪೈಪು ಬರುವುದು ಬೇಡ. ಹಿತ್ತಲುಗಳ ಉದ್ದಕ್ಕೂ ಆರಿಂಚಿನ ಒಂದೇ ಪೈಪು ಹಾಕಿ, ಎಂಟು ಹತ್ತು ಮನೆಯದನ್ನು ಅದಕ್ಕೇ ಸೇರಿಸಿ, ಓಣಿಯ ಕೊನೆಯಲ್ಲಿ ಚೇಂಬರಿಗೆ ಬಿಡೋಣ. ಬಚ್ಚಲೂ ಹಿತ್ತಲಿನ ಕಡೆಯೇ ಇದ್ದುದರಿಂದ ಎರಡೂ ಒಟ್ಟಿಗೆ ಮುಗಿಯುತ್ತದೆ. ಹಣಕಾಸು ಆಯೋಗದ ಅನುದಾನದಲ್ಲಿ ನೀರು, ನೈರ್ಮಲ್ಯಕ್ಕೇ ಮೀಸಲಾದ ಪಾಲಿರುತ್ತದೆ. ಅದರಿಂದ ಸಾಮೂಹಿಕ ಪೈಪಿನ ಖರ್ಚು. ಮನೆಯವರ ಪಾಲು ಮನೆ ಕಂದಾಯದ ಜೊತೆ ಕಂತಿನಲ್ಲಿ. ಸಾಮಾನ್ಯ ಸಭೆಯಲ್ಲಿ ಠರಾವು ಆಯಿತು.

ಅಜ್ಜಿಯ ಓಣಿಯಿಂದಲೇ ಶುರು. 100 ಅಡಿಗೆ ಒಂದು ಅಡಿ ಇಳಿಜಾರು ಸಿಗಬೇಕು. ಗಾರೆ ಕೆಲಸದವರು ಲೆವೆಲ್ ಟ್ಯೂಬಿಗೆ ನೀರು ತುಂಬಿ, ಹಿತ್ತಲಿಂದ ಹಿತ್ತಲಿಗೆ ಗೋಡೆಯ ಮೇಲೆ ಸುಣ್ಣದ ಗೀಟು ಎಳೆದುಕೊಂಡು ಹೋದರು. ಹೆಂಗಸರೇ ಮುಂದೆ ನಿಂತು ನುಗ್ಗೆ ಗಿಡ, ತುಳಸಿ ಕಟ್ಟೆ ತಪ್ಪಿಸಿ ದಾರಿ ತೋರಿಸಿದರು. ಒಬ್ಬರ ಹಿತ್ತಲಲ್ಲಿ ಪೈಪು ಕಟ್ಟಿದರೆ ಯಾರು ತೆಗೆಸಬೇಕು ಅನ್ನುವ ಜಗಳವೂ ಆಯಿತು. ಪುರಸಭೆಯೇ ತೆಗೆಸುತ್ತದೆ ಅಂತ ಬರೆದುಕೊಟ್ಟೆವು. ಇನ್ನೊಂದು ಓಣಿಯಲ್ಲಿ ಮಾತ್ರ ಇದು ನಡೆಯಲಿಲ್ಲ. ಅಣ್ಣತಮ್ಮಂದಿರ ಆಸ್ತಿ ವ್ಯಾಜ್ಯ, ಹಿತ್ತಲಿಗೆ ಕಾಲಿಡಲು ಇಬ್ಬರೂ ಬಿಡಲಿಲ್ಲ. ಆ ಸಾಲಿನ ಮನೆಗಳು ಇಂದಿಗೂ ಗಟಾರಕ್ಕೇ.

ರೈತ ಮತ್ತು ಟ್ಯಾಂಕರ್

ಮರಳು ಚೀಲ ಇಟ್ಟ ರೈತನ ಮೇಲೆ ಪೊಲೀಸ್ ದೂರು ಕೊಡಬೇಕು ಅಂತ ಕಚೇರಿಯಲ್ಲಿ ಒತ್ತಡ ಇತ್ತು. ದೂರು ಟೈಪ್ ಆಗಿ ನನ್ನ ಮೇಜಿನ ಮೇಲಿತ್ತು. ಕೊಡುವ ಮುಂಚೆ ಹೊಲಕ್ಕೆ ಹೋದೆ. ಬೋರು ಬತ್ತಿ ಎರಡು ವರ್ಷವಾಗಿತ್ತು. ಅವರಿಗೆ ಬೇಸಿಗೆಯಲ್ಲಿ ಸಿಗುತ್ತಿದ್ದ ನೀರು ಅದೊಂದೇ. ಗೊಬ್ಬರದ ಖರ್ಚೂ ಉಳಿಯುತ್ತಿತ್ತು. ಆದರೆ ಕಾಲು, ಕೈಗೆಲ್ಲ ಕಜ್ಜಿ. ತೋರಿಸಿದರು.

ನಾನು ದೂರು ಕೊಡಲಿಲ್ಲ. "ಚೀಲ ತೆಗೀರಿ. ಹೊಂಡದಿಂದ ಹೊರಗೆ ಬರುವ ಶುದ್ಧವಾದ ನೀರನ್ನ ಪೈಪಿನಲ್ಲಿ ನಿಮ್ಮ ಹೊಲದ ತಲೆಗೆ ತಂದುಕೊಡ್ತೀವಿ" ಅಂದೆ. ನಗರದ ತ್ಯಾಜ್ಯ ನೀರಿನ ಮರುಬಳಕೆಗೆ ರಾಜ್ಯದಲ್ಲಿ 2017ರಿಂದಲೇ ನೀತಿ ಇದೆ. ಹೊಸದೇನೂ ಕೇಳಬೇಕಾಗಿರಲಿಲ್ಲ. ಹಸಿಯಾಗಿ ತಿನ್ನುವ ಸೊಪ್ಪು, ಮೂಲಂಗಿ ಬೆಳೆಯಬಾರದು, ಮೇವು ಮತ್ತು ಗೋವಿನಜೋಳ ಮಾತ್ರ ಅನ್ನುವುದು ನಮ್ಮ ಷರತ್ತು. ಅವರು ಕೇಳಿದ್ದು ಒಂದೇ ಪ್ರಶ್ನೆ: "ಹೊರಗ ನೀರು ಬಂದ್ರ ತಾನೇ?" ನ್ಯಾಯವಾದ ಪ್ರಶ್ನೆ. ಮೊದಲು ನೀರು ಬರಲಿ, ಆಮೇಲೆ ಚೀಲ ತೆಗೆಯುತ್ತೇನೆ ಅಂತ ಅವರು, ಚೀಲ ತೆಗೆದರೇ ನೀರು ಬರುವುದು ಅಂತ ನಾವು. ಕೊನೆಗೆ ಮಳೆಗಾಲದ ನಾಲ್ಕು ತಿಂಗಳು, ಅವರಿಗೆ ನೀರು ಬೇಡದ ಹೊತ್ತಿನಲ್ಲಿ, ಚೀಲ ತೆಗೆಯುವುದು ಅಂತ ಒಪ್ಪಂದವಾಯಿತು.

ಟ್ಯಾಂಕರಿನವರಿಗೂ ದಂಡ ಹಾಕುವ ಬದಲು ಬೇರೆ ದಾರಿ ಹಿಡಿದೆವು. ಶೌಚಗುಂಡಿಯ ಕೆಸರಿಗೆಂದೇ ಪ್ರತ್ಯೇಕ ಘಟಕ 2015ರಲ್ಲೇ ದೇವನಹಳ್ಳಿಯಲ್ಲಿ ಶುರುವಾಗಿತ್ತು. ಅಲ್ಲಿ ಕೆಸರನ್ನು ಒಣಗಿಸಿ ಗೊಬ್ಬರವಾಗಿ ಬಳಸುವುದನ್ನು ನೋಡಿಕೊಂಡು ಬಂದೆವು. ಅಷ್ಟು ದೊಡ್ಡದಾಗಿ ಮಾಡಲು ನಮಗೆ ಆಗಲಿಲ್ಲ. ಎಸ್‌ಟಿಪಿ ಆವರಣದಲ್ಲೇ ಮರಳು, ಜಲ್ಲಿ ಹಾಸಿದ ಒಣಗಿಸುವ ಅಂಕಣಗಳನ್ನು ಕಟ್ಟಿದೆವು. ಗುಂಡಿಯ ಕೆಸರು ಗಟಾರದ ನೀರಿಗಿಂತ ಎಷ್ಟೋ ಪಟ್ಟು ಗಟ್ಟಿ. ಅದನ್ನು ಒಮ್ಮೆಲೇ ಹೊಂಡಕ್ಕೆ ಸುರಿದರೆ ಹೊಂಡವೇ ಕೆಡುತ್ತದೆ. ಹಗಲು ಹೊತ್ತು ಬಂದು ಇಲ್ಲಿ ಬಿಟ್ಟು ಹೋಗಿ, ದುಡ್ಡಿಲ್ಲ ಅಂದೆವು. ಸ್ಮಶಾನದ ಹಿಂದಿನ ಚಕ್ರದ ಗುರುತಿನ ಮೇಲೆ ಆ ಮಳೆಗಾಲದಲ್ಲಿ ಹುಲ್ಲು ಬಂತು.

ತಪ್ಪಿದ ಒಂದು ಲೆಕ್ಕ, ಮಾಡದ ಒಂದು ಕೆಲಸ

ಮಳೆಗಾಲವೇ ನಮಗೆ ಪಾಠ ಕಲಿಸಿತು. ಹಿತ್ತಲ ಪೈಪು ಸಿಕ್ಕ ಖುಷಿಯಲ್ಲಿ ಜನ ಅಂಗಳದ ನೀರು, ಮಾಳಿಗೆಯ ನೀರು ಎಲ್ಲವನ್ನೂ ಅದಕ್ಕೇ ಬಿಟ್ಟಿದ್ದರು. ನಾವು ಬೇಡ ಅಂತ ಹೇಳಿರಲೂ ಇಲ್ಲ. ಜುಲೈನ ಒಂದು ಮಳೆಗೆ ತಗ್ಗಿನ ಓಣಿಯಲ್ಲಿ ಚೇಂಬರಿನ ಮುಚ್ಚಳ ಎದ್ದು ಹೊಲಸು ಬೀದಿಗೆ ಬಂತು. ಎರಡು ಮನೆಯ ಪಾಯಖಾನೆಯಲ್ಲಿ ನೀರು ಹಿಂದಕ್ಕೆ ಬಂತು. ಆ ಮನೆಯವರ ಮುಖ ನನಗೆ ಈಗಲೂ ನೆನಪಿದೆ. ಮಳೆ ನೀರಿಗೆ ಗಟಾರ, ಕೊಳಚೆಗೆ ಪೈಪು ಅನ್ನುವುದನ್ನು ಮೊದಲ ದಿನವೇ ಹೇಳಬೇಕಿತ್ತು. ಮತ್ತೆ ಮನೆಮನೆಗೆ ಹೋಗಿ ಪೈಪು ಬಿಡಿಸಿದೆವು.

ಅದೇ ವಾರ ಇನ್ನೊಂದು ಚೇಂಬರ್ ಕಟ್ಟಿಕೊಂಡಿತು. ಜೋರು ನೀರಿನ ಧಾರೆಯಿಂದ ಪೈಪು ಬಿಡಿಸುವ ಜೆಟ್ಟಿಂಗ್ ಯಂತ್ರ ಜಿಲ್ಲಾ ಕೇಂದ್ರದಿಂದ ಬರುವುದು ಮರುದಿನ. ಬೀದಿಯ ಜನ ಸೇರಿ, ಒಬ್ಬರನ್ನು ಇಳಿಸಿ, ಹತ್ತು ನಿಮಿಷದ ಕೆಲಸ ಅಂತ ಪಟ್ಟು ಹಿಡಿದರು. ಇಳಿಯಲು ಸಿದ್ಧ ಅಂತ ಒಬ್ಬ ಪೌರಕಾರ್ಮಿಕ ಅಣ್ಣ ಅಂಗಿಯನ್ನೂ ಬಿಚ್ಚಿದ್ದರು. ಮೇಸ್ತ್ರಿ ಅವರ ಕೈ ಹಿಡಿದು ಎಳೆದರು. 2013ರ ಕಾನೂನು ಇದನ್ನು ನಿಷೇಧಿಸಿದೆ ಅನ್ನುವುದು ಇರಲಿ, ಆ ಗುಂಡಿಯ ವಿಷಗಾಳಿಗೆ ಜೀವ ತೆಗೆಯಲು ಒಂದು ನಿಮಿಷ ಸಾಕು. ಬೀದಿಯ ಜನರ ಬೈಗುಳ ಕೇಳಿಕೊಂಡು ರಾತ್ರಿ ಹತ್ತರವರೆಗೆ ನಾವು ಅಲ್ಲೇ ನಿಂತೆವು. ಮರುದಿನ ಯಂತ್ರ ಬಂತು. ಮುಂದಿನ ಬಜೆಟ್‌ನಲ್ಲಿ ಪುರಸಭೆ ಸ್ವಂತದ್ದು ಕೊಂಡಿತು. ನಾವು ಮಾಡಿದ ಕೆಲಸಗಳಲ್ಲಿ ಇದರ ಬಗ್ಗೆ ನನಗೆ ಎಲ್ಲಕ್ಕಿಂತ ಹೆಚ್ಚು ಸಮಾಧಾನ.

ವರದಿ ಕೆಟ್ಟಿತು

ದೀಪಾವಳಿ ಕಳೆದು ಒಂದು ಬೆಳಿಗ್ಗೆ ಎಸ್‌ಟಿಪಿಯ ಆಪರೇಟರ್ ಫೋನ್ ಮಾಡಿದರು. "ಮೇಡಂ, ನೀರು ಹೊರಗ ಬಂತ್ರಿ." ಮಳೆ ನಿಂತು ದಿನಗಳಾಗಿದ್ದವು, ಹಾಗಾಗಿ ಅದು ಮಳೆ ನೀರಲ್ಲ. ಹೋಗಿ ನೋಡಿದೆ. ಬೆರಳು ದಪ್ಪದ ಧಾರೆ, ತುಸು ಹಸಿರು ಬಣ್ಣ. ಅಂಗೈ ಒಡ್ಡಿದೆ. ರೈತನಿಗೂ ಹೇಳಿ ಕಳಿಸಿದೆವು. ಅವರು ಬಂದು ಮೂಸಿ ನೋಡಿದರು, ಏನೂ ಅನ್ನಲಿಲ್ಲ. ಆದರೆ ಚೀಲ ಮತ್ತೆ ಇಳಿಯಲಿಲ್ಲ.

ಮುಂದಿನ ಲ್ಯಾಬ್ ವರದಿ ಹಿಂದಿನ ಎಲ್ಲ ವರದಿಗಿಂತ ಕೆಟ್ಟದಾಗಿ ಬಂತು. ಬಿಒಡಿ 30ರ ಒಳಗೇ ಇತ್ತು, ಆದರೆ ಗಡಿಯ ಹತ್ತಿರ. ಹೊಂಡದ ಪಾಚಿಯೂ ನೀರಿನ ಜೊತೆ ಹೊರಗೆ ಬಂದು ಬಿಒಡಿಯಲ್ಲಿ ಸೇರುತ್ತದೆ, ಅದೊಂದು ಕಾರಣ. ದೊಡ್ಡ ಕಾರಣ, ಈಗ ಘಟಕಕ್ಕೆ ನಿಜವಾಗಿ ಕೊಳಚೆ ಬರುತ್ತಿದೆ. ಸಭೆಯಲ್ಲಿ ಸದಸ್ಯರೊಬ್ಬರು ಎರಡೂ ವರ್ಷದ ವರದಿ ಪಕ್ಕಪಕ್ಕ ಇಟ್ಟು, ಇಷ್ಟು ಖರ್ಚು ಮಾಡಿ ಯಾಕೆ ಕೆಟ್ಟಿತು ಅಂತ ಕೇಳಿದರು. ಅವರನ್ನು ಮೊದಲು ಔಟ್‌ಲೆಟ್‌ಗೆ, ಆಮೇಲೆ ಹಳ್ಳಕ್ಕೆ ಕರೆದುಕೊಂಡು ಹೋದೆ. ಅಂದಿನಿಂದ ಬಿಒಡಿ ಪಕ್ಕದಲ್ಲಿ ಒಳಗೆ ಬಂದ ನೀರು, ಹೊರಗೆ ಹೋದ ನೀರು ಅಂತ ಎರಡು ಕಲಂ ಹೆಚ್ಚಾಗಿ ಬರೆಯುತ್ತಿದ್ದೇವೆ.

ನದಿ ಶುದ್ಧವಾಯಿತು ಅಂತ ಹೇಳಲಾರೆ. ಸ್ನಾನಕ್ಕೆ ಯೋಗ್ಯ ಅನ್ನಿಸಿಕೊಳ್ಳಲು ನದಿ ನೀರಿನ ಬಿಒಡಿ 3 ಮಿಲಿಗ್ರಾಂ ಮೀರಬಾರದು, ಆಮ್ಲಜನಕ 5 ಆದರೂ ಇರಬೇಕು. ಬೇಸಿಗೆಯ ಮಡುವಿಗೆ ಅದು ಇನ್ನೂ ದೂರ. ಮೇಲಿನ ಹಳ್ಳಿಗಳಿಗೆ ಚರಂಡಿಯೇ ಇಲ್ಲ, ಹೊಲಗಳಿಂದ ಯೂರಿಯಾ ತೊಳೆದು ಬರುತ್ತದೆ. ಇದನ್ನೆಲ್ಲ ಒಂದು ಪುರಸಭೆ ಸರಿಮಾಡಲು ಆಗದು. ಆದರೆ ಮುಂದಿನ ವರ್ಷ ಮೊದಲ ಮಳೆ ಬಿದ್ದ ಮರುದಿನ ನಸುಕಿನಲ್ಲಿ ನಾನು ಕೆಳಗಿನ ಹಳ್ಳಿಯ ಮಡುವಿನ ಹತ್ತಿರ ಹೋಗಿ ನಿಂತಿದ್ದೆ. ಬಲೆಯವರೂ ಬಂದಿದ್ದರು. ನೀರು ಕದಡಿತ್ತು, ವಾಸನೆ ಇತ್ತು. ಕೆಲವು ಮೀನು ಮೇಲೆ ಬಂದು ಬಾಯಿ ಬಿಟ್ಟವು. ಬಿಸಿಲು ಏರುವ ಹೊತ್ತಿಗೆ ಕೆಳಗೆ ಹೋದವು. ಒಂದೂ ತೇಲಲಿಲ್ಲ.

ಅಲ್ಲಿಂದ ಬರುವಾಗ ಬಕೆಟ್ ತೆಗೆದುಕೊಂಡು ಹಳ್ಳದಲ್ಲಿ ಮತ್ತೆ ನಡೆದೆವು. 5 ಸೆಕೆಂಡಿಗೆ ಬಕೆಟ್ ತುಂಬಿಸಿದ್ದ ಗಟಾರದಲ್ಲಿ ಒಂದು ನಿಮಿಷ ಹಿಡಿದು ನಿಂತರೂ ಬಕೆಟ್ ತುಂಬಲಿಲ್ಲ. ಬಸ್ ನಿಲ್ದಾಣದ ಮೇಲಿನ ವಾರ್ಡಿನ ಗಟಾರ ಮಾತ್ರ ಹಿಂದಿನಷ್ಟೇ ಜೋರಾಗಿತ್ತು. ವಾಲ್ವ್‌ಮನ್ ಸೆಕೆಂಡ್ ಬರೆದುಕೊಂಡರು. ಆ ವಾರ್ಡಿನ ಹಿತ್ತಲುಗಳನ್ನು ನೋಡಲು ಮಾರನೇ ಸೋಮವಾರ ಹೋಗುವುದು ಅಂತ ಅಲ್ಲೇ ನಿಂತು ಮಾತಾಡಿಕೊಂಡೆವು.